ಹುಬ್ಬಳ್ಳಿಯ ಹೊರವಲಯದಲ್ಲಿ ಪ್ಲಾಟು ಆರಿಸುವ ಬಗೆ: ನನ್ನ ನೋಟ್‌ಬುಕ್ಕಿನ ಲೆಕ್ಕ

ಹಳೇ ಹುಬ್ಬಳ್ಳಿಯ ನಮ್ಮ ಓಣಿಯ ಮನೆಯಲ್ಲಿ ಅಡುಗೆಮನೆಯ ಕಿಟಕಿ ತೆರೆದರೆ ಎದುರು ಮನೆಯ ಗೋಡೆ ಕೈಗೆ ಸಿಗುತ್ತಿತ್ತು. ಮಗಳು ಓದಲು ಕೂತರೆ ಮಗ ಟಿವಿ ಹಚ್ಚುವಂತಿರಲಿಲ್ಲ, ಅತ್ತೆ ಮಲಗಿದರೆ ಉಳಿದವರು ಪಿಸುಮಾತಿನಲ್ಲೇ ಮಾತಾಡಬೇಕು. ಐದು ಜನ, ಎರಡೂವರೆ ಕೋಣೆ. ಊರ ಹೊರಗೆ ಸ್ವಲ್ಪ ಅಗಲವಾದ ಜಾಗ ಹಿಡಿದು ಮನೆ ಕಟ್ಟೋಣ ಎಂದು ಒಂದು ದಸರೆಯ ರಜೆಯಲ್ಲಿ ನಿಶ್ಚಯಿಸಿದೆವು. ಜಾಗ ಸಿಕ್ಕಿದ್ದು ಎರಡು ವರ್ಷದ ನಂತರ. ನಡುವೆ ಹದಿನಾಲ್ಕು ಪ್ಲಾಟುಗಳನ್ನು ನೋಡಿದೆವು. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಒಂದೊಂದು ಪ್ಲಾಟಿಗೆ ಒಂದೊಂದು ಪುಟ ಇಟ್ಟು ಎಲ್ಲವನ್ನೂ ಬರೆದುಕೊಂಡೆ. ಈಗ ನನ್ನ ಸಹೋದ್ಯೋಗಿಗಳು, ಅವರ ಅಣ್ಣ ತಮ್ಮಂದಿರು, ಹಳೆಯ ವಿದ್ಯಾರ್ಥಿಗಳು ಜಾಗ ಹುಡುಕುವಾಗ ಆ ನೋಟ್‌ಬುಕ್ಕನ್ನು ಕೇಳಿ ಒಯ್ಯುತ್ತಾರೆ. ಅದರಲ್ಲಿರುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆರಂಭದಲ್ಲಿ ಎಲ್ಲಿಗೆ ಹೋದರೂ ನಮ್ಮ ಮೊದಲ ಪ್ರಶ್ನೆ ‘ಅಳತೆ ಎಷ್ಟು’ ಎಂಬುದಾಗಿತ್ತು. ಕುಸುಗಲ್ ರಸ್ತೆಯ ಕಡೆ ಒಂದು ಬಡಾವಣೆಯಲ್ಲಿ 40×60ರ ಪ್ಲಾಟು ತೋರಿಸಿದರು. ಭೈರಿದೇವರಕೊಪ್ಪದ ಕಡೆ 30×50ಕ್ಕೆ ಕೇಳುತ್ತಿದ್ದ ಹಣಕ್ಕೆ ಇಲ್ಲಿ 2,400 ಚದರ ಅಡಿ ಸಿಗುತ್ತಿತ್ತು. ಜನವರಿಯ ಸಂಜೆ ಅದು. ಬಡಾವಣೆಯ ಕಲ್ಲುಗಳ ಆಚೆ ಕಡಲೆ, ಕುಸುಬಿ, ಕಣ್ಣು ಹಾಯುವ ತನಕ ಹೊಲ. ಮೈಗೆ ಹಿತವಾದ ಗಾಳಿ. ನಮ್ಮ ಮನೆಯವರು, ಅಂದರೆ ನನ್ನ ಗಂಡ, ತುಳಸಿಕಟ್ಟೆ ಎಲ್ಲಿ ಬರಬೇಕು ಎಂದು ಮಗಳಿಗೆ ತೋರಿಸುತ್ತಿದ್ದರು. ಏಜೆಂಟ್ ಟೇಪು ಸುತ್ತಿಕೊಳ್ಳುತ್ತ ಮುಂಗಡದ ಮಾತು ತೆಗೆದ. ಅಷ್ಟು ಹೊತ್ತು ಕಾರಿನಲ್ಲೇ ಕೂತಿದ್ದ ಅತ್ತೆ ಇಳಿದು ಬಂದು ಕೇಳಿದರು: “ಇಲ್ಲಿಂದ ಹಿಟ್ಟಿನ ಗಿರಣಿ ಎಷ್ಟು ದೂರ?”

ಯಾರಿಗೂ ಗೊತ್ತಿರಲಿಲ್ಲ. ಏಜೆಂಟನಿಗೂ ಗೊತ್ತಿರಲಿಲ್ಲ. ದಿನಾ ಜೋಳದ ರೊಟ್ಟಿ ತಟ್ಟುವ ಮನೆಗೆ ವಾರಕ್ಕೊಮ್ಮೆ ಗಿರಣಿ ಬೇಕು. ಅಂದು ಮುಂಗಡ ಕೊಡದೆ ಬಂದೆವು. ಆ ರಾತ್ರಿಯೇ ನೋಟ್‌ಬುಕ್ಕು ತೆರೆದೆ.

ಮೊದಲು ಮನೆಮಂದಿಯ ದಿನಚರಿ ಬರೆಯಿರಿ

ಪ್ಲಾಟಿನ ಅಳತೆ ಬರೆಯುವ ಮೊದಲು ಮನೆಯಲ್ಲಿರುವ ಪ್ರತಿಯೊಬ್ಬರೂ ಸಾಮಾನ್ಯ ದಿನದಲ್ಲಿ ಎಲ್ಲಿಗೆ ಹೋಗುತ್ತಾರೆ, ಎಷ್ಟು ಗಂಟೆಗೆ ಮುಟ್ಟಬೇಕು, ಎಷ್ಟು ಗಂಟೆಗೆ ಹೊರಡುತ್ತಾರೆ ಎಂಬುದನ್ನು ಬರೆಯಿರಿ. ನಮ್ಮದು ಹೀಗಿತ್ತು. ಮನೆಯವರ ಕಚೇರಿ ಧಾರವಾಡದ ಜುಬಿಲಿ ವೃತ್ತದ ಹತ್ತಿರ, ಹತ್ತಕ್ಕೆ. ನನ್ನ ಶಾಲೆ ಕೇಶ್ವಾಪುರದಲ್ಲಿ, ಒಂಬತ್ತೂಮುಕ್ಕಾಲಿಗೆ. ಮಗಳ ಕಾಲೇಜು ವಿದ್ಯಾನಗರದಲ್ಲಿ, ಎಂಟಕ್ಕೆ. ಮಗನ ಶಾಲೆಯೂ ಅದೇ ದಿಕ್ಕಿಗೆ. ಅತ್ತೆಗೆ ಹದಿನೈದು ದಿನಕ್ಕೊಮ್ಮೆ ಮೊಣಕಾಲಿನ ಚಿಕಿತ್ಸೆಗೆ ವಿದ್ಯಾನಗರದ ಆಸ್ಪತ್ರೆ, ಶ್ರಾವಣದಲ್ಲಿ ಸಿದ್ಧಾರೂಢ ಮಠ.

ಈ ಪಟ್ಟಿ ಕೈಯಲ್ಲಿ ಹಿಡಿದುಕೊಂಡು ಪ್ಲಾಟಿಗೆ ಹೋಗಬೇಕು. ಏಜೆಂಟರು ನಿಮ್ಮನ್ನು ಕರೆದೊಯ್ಯುವುದು ಭಾನುವಾರ ಬೆಳಿಗ್ಗೆ. ಆಗ ಊರ ನಡುವಿನ ಚನ್ನಮ್ಮ ವೃತ್ತ ಖಾಲಿ ಇರುತ್ತದೆ, ‘ಪೇಟೆಗೆ ಹತ್ತೇ ನಿಮಿಷ’ ಎಂಬ ಮಾತು ನಿಜವೂ ಆಗಿರುತ್ತದೆ. ನೀವು ಸೋಮವಾರ ಹೋಗಿ. ಬೆಳಿಗ್ಗೆ ಎಂಟಕ್ಕೆ ಪ್ಲಾಟಿನ ಮೇಲೆ ನಿಂತು, ಅಲ್ಲಿಂದಲೇ ಮನೆ ಬಿಟ್ಟಂತೆ ಹೊರಟು, ಕಚೇರಿಯ ಕುರ್ಚಿಯಲ್ಲಿ ಕೂರುವ ತನಕ ಗಡಿಯಾರ ನೋಡಿ. ಬಸ್ಸಿಗೆ ನಡೆದದ್ದು, ಕಾದದ್ದು, ಗಾಡಿ ನಿಲ್ಲಿಸಲು ಜಾಗ ಹುಡುಕಿದ್ದು, ಎಲ್ಲವೂ ಲೆಕ್ಕಕ್ಕೆ ಬರಬೇಕು. ಸಂಜೆ ಮರಳುವುದನ್ನೂ ಅಳೆಯಿರಿ. ಸಂಜೆಯ ದಟ್ಟಣೆಯೇ ಬೇರೆ. ಚನ್ನಮ್ಮ ವೃತ್ತದ ಸುತ್ತ ಫ್ಲೈಓವರ್ ಕೆಲಸ ಶುರುವಾದ ಮೇಲಂತೂ ಹಳೆಯ ಅಂದಾಜುಗಳನ್ನು ನಂಬಿ ಕೂರುವಂತಿಲ್ಲ. ಊರಿನ ಪೂರ್ವಕ್ಕೆ ಮನೆ, ಧಾರವಾಡದ ಕಡೆ ಕೆಲಸ ಇದ್ದವರು ದಿನಕ್ಕೆ ಎರಡು ಸಲ ಆ ಗಂಟಿನ ಮೂಲಕವೇ ಹಾಯಬೇಕು.

ಕುಸುಗಲ್ ರಸ್ತೆಯ ಪ್ಲಾಟಿನ ಪುಟದಲ್ಲಿ ಬಂದ ಲೆಕ್ಕ ಇದು. ನನಗೆ ಒಂದು ಸಲಕ್ಕೆ 15 ನಿಮಿಷ, ಮನೆಯವರಿಗೆ 95, ಮಗಳಿಗೆ 45, ಮಗನಿಗೆ 30. ಹೋಗಿ ಬರುವುದು ಸೇರಿದರೆ ನಾಲ್ವರದೂ ದಿನಕ್ಕೆ 370 ನಿಮಿಷ. ಭೈರಿದೇವರಕೊಪ್ಪದ ಕಡೆಯ ಪ್ಲಾಟಿನಿಂದ ನನಗೆ 35, ಮನೆಯವರಿಗೆ 45, ಮಕ್ಕಳಿಬ್ಬರಿಗೂ ಇಪ್ಪತ್ತಿಪ್ಪತ್ತು. ಒಟ್ಟು 240 ನಿಮಿಷ. ನನ್ನೊಬ್ಬಳನ್ನೇ ನೋಡಿದರೆ ಕುಸುಗಲ್ ರಸ್ತೆಯೇ ಅನುಕೂಲ. ಮನೆಯನ್ನೆಲ್ಲ ಸೇರಿಸಿ ನೋಡಿದರೆ ದಿನಕ್ಕೆ 130 ನಿಮಿಷದ ವ್ಯತ್ಯಾಸ. ವರ್ಷಕ್ಕೆ 280 ದಿನ ಓಡಾಟ ಎಂದು ಹಿಡಿದರೂ ಆರು ನೂರು ತಾಸು ದಾಟುತ್ತದೆ. ಎರಡು ಪ್ಲಾಟಿಗೆ ಇದ್ದ ಅಂತರ 900 ಚದರ ಅಡಿ. ಆ 900 ಚದರ ಅಡಿಗಾಗಿ ವರ್ಷ ವರ್ಷ ಆರು ನೂರು ತಾಸು ರಸ್ತೆಯ ಮೇಲೆ ಕೊಡುವುದೇ ಎಂದು ಕೇಳಿದಾಗ ಮನೆಯವರು ಸುಮ್ಮನೆ ನೋಟ್‌ಬುಕ್ಕು ಮುಚ್ಚಿ ತಲೆಯಾಡಿಸಿದರು.

ಇದೇ ಲೆಕ್ಕ ಬೇರೆಯವರಿಗೆ ಬೇರೆ ಉತ್ತರ ಕೊಡುತ್ತದೆ. ನಮ್ಮ ಶಾಲೆಯಿಂದ ನಿವೃತ್ತರಾದ ಹಿರಿಯ ಶಿಕ್ಷಕರೊಬ್ಬರು ನಾವು ಬಿಟ್ಟ ಆ ದಿಕ್ಕಿನಲ್ಲೇ 40×60 ಕೊಂಡರು. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಗಂಡ ಹೆಂಡತಿ ಇಬ್ಬರೇ, ಬೆಳಗಿನ ಒಂಬತ್ತಕ್ಕೆ ಎಲ್ಲಿಗೂ ಓಡಬೇಕಿಲ್ಲ. ಹಿತ್ತಲಿನಲ್ಲಿ ನುಗ್ಗೆ, ಕರಿಬೇವು, ಎರಡು ಮಾವಿನ ಗಿಡ ಇವೆ. ಅವರ ಪುಟದಲ್ಲಿ ಓಡಾಟದ ಅಂಕಿಯೇ ಇಲ್ಲ; ಹಾಗಾಗಿ ಅಗಲವೇ ಗೆಲ್ಲಬೇಕು, ಗೆದ್ದಿತು.

ಚಿಗರಿಗೆ ಹತ್ತಿರ ಎಂದರೆ ಎಷ್ಟು ಹತ್ತಿರ

ಹುಬ್ಬಳ್ಳಿ–ಧಾರವಾಡದ ನಡುವೆ ಸುಮಾರು 20 ಕಿಲೋಮೀಟರ್. ಈ ದಾರಿಯಲ್ಲಿ ರಸ್ತೆಯ ನಡುವಿನ ಪಥದಲ್ಲಿ ಚಿಗರಿ ಬಸ್ಸುಗಳು ಓಡುತ್ತವೆ. 2020ರ ಫೆಬ್ರವರಿಯಲ್ಲಿ ಅಧಿಕೃತವಾಗಿ ಉದ್ಘಾಟನೆಯಾದ ಬಿಆರ್‌ಟಿಎಸ್ ಎಂಬ ತ್ವರಿತ ಬಸ್ ವ್ಯವಸ್ಥೆ ಇದು. ಉಣಕಲ್, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು, ಈ ಸಾಲಿನ ಬಡಾವಣೆಗಳಲ್ಲೆಲ್ಲ ಜಾಹೀರಾತಿನ ಮೊದಲ ಸಾಲು ‘ಬಿಆರ್‌ಟಿಎಸ್‌ಗೆ ಹತ್ತಿರ’ ಎಂದೇ ಇರುತ್ತದೆ. ನಿಜವಾಗಿಯೂ ಹತ್ತಿರವೇ ಎಂದು ತಿಳಿಯಲು ಮೂರು ಸಂಗತಿಗಳನ್ನು ನೋಡಬೇಕು.

ನಿಲ್ದಾಣ ರಸ್ತೆಯ ನಡುವೆ ಇರುತ್ತದೆ. ಅಲ್ಲಿಗೆ ಮುಟ್ಟಲು ಬೇರೆ ವಾಹನಗಳು ಓಡುವ ಪಥವನ್ನು ದಾಟಬೇಕು. ಪ್ಲಾಟಿನಿಂದ ನಿಲ್ದಾಣಕ್ಕೆ ಹೆಜ್ಜೆ ಹಾಕುವಾಗ ನಿಮ್ಮ ವೇಗದಲ್ಲಿ ಅಲ್ಲ, ಮನೆಯ ಹಿರಿಯರ ವೇಗದಲ್ಲಿ ನಡೆಯಿರಿ. ನಾನು ಏಳು ನಿಮಿಷದಲ್ಲಿ ಮುಟ್ಟಿದ್ದನ್ನು ಅತ್ತೆ ಮುಟ್ಟಲು ಹದಿನೇಳು ನಿಮಿಷ ಬೇಕಾಯಿತು. ಅದರಲ್ಲಿ ಐದು ನಿಮಿಷ ರಸ್ತೆ ದಾಟಲು ಕಾದದ್ದು.

ಎರಡನೆಯದು, ಎಲ್ಲ ಚಿಗರಿಗಳೂ ಎಲ್ಲ ನಿಲ್ದಾಣದಲ್ಲಿ ನಿಲ್ಲುವುದಿಲ್ಲ. ನಡುವೆ ಎಲ್ಲೂ ನಿಲ್ಲದೆ ಹೋಗುವವೂ ಇವೆ. ನಿಮ್ಮ ನಿಲ್ದಾಣದಲ್ಲಿ ಅರ್ಧ ತಾಸು ನಿಂತು, ನಿಮಗೆ ಬೇಕಾದ ಹೊತ್ತಿನಲ್ಲಿ ಎಷ್ಟು ಬಸ್ಸು ನಿಂತವು, ನಿಂತವುಗಳಲ್ಲಿ ಕಾಲಿಡಲು ಜಾಗ ಇತ್ತೇ ಎಂದು ಎಣಿಸಿ. ಮಗಳು ಎರಡು ದಿನ ಎಣಿಸಿ ಬಂದಳು, ಅವಳ ಅಕ್ಷರದಲ್ಲೇ ಆ ಪುಟ ಇದೆ.

ಮೂರನೆಯದನ್ನು ಸ್ಕೂಟರ್ ಓಡಿಸುವವರು ಗಮನಿಸಬೇಕು. ನಡುವೆ ಬಸ್ಸಿನ ಪಥ ಇರುವುದರಿಂದ ಬೇಕಾದಲ್ಲಿ ಆಚೆ ಕಡೆಗೆ ತಿರುಗಲು ಬರುವುದಿಲ್ಲ. ನಿಮ್ಮ ಬಡಾವಣೆಯ ಬಾಯಿ ಯಾವ ಪಕ್ಕಕ್ಕಿದೆ, ನೀವು ದಿನಾ ಹೋಗಬೇಕಾದದ್ದು ಯಾವ ದಿಕ್ಕಿಗೆ, ತಿರುಗಲು ತೆರಪು ಎಷ್ಟು ದೂರಕ್ಕಿದೆ, ನೋಡಿ. ನಾವು ನೋಡಿದ ಒಂದು ಪ್ಲಾಟಿನಲ್ಲಿ ಎದುರಿಗೇ ಕಾಣುವ ಔಷಧ ಅಂಗಡಿಗೆ ಗಾಡಿಯಲ್ಲಿ ಹೋಗಿ ಬರಲು ಒಂದೂವರೆ ಕಿಲೋಮೀಟರ್ ಸುತ್ತಬೇಕಿತ್ತು. ಇಂಥಲ್ಲಿ ಜನ ಸುತ್ತುವುದಿಲ್ಲ. ಎದುರು ದಿಕ್ಕಿನಲ್ಲಿ ಗಾಡಿ ತರುತ್ತಾರೆ. ನಿಮ್ಮ ಮಕ್ಕಳು ಅದೇ ಅಂಚಿನಲ್ಲಿ ಸೈಕಲ್ ಹೊಡೆಯುತ್ತಾರೆ ಎಂಬುದು ನೆನಪಿರಲಿ.

ರೈಲು ಹಳಿಯೂ ಈ ರಸ್ತೆಗೆ ಜೊತೆಜೊತೆಯಾಗಿಯೇ ಸಾಗುತ್ತದೆ. ಬಡಾವಣೆಗೂ ಮುಖ್ಯ ರಸ್ತೆಗೂ ನಡುವೆ ಗೇಟು ಇದ್ದರೆ ಅದಕ್ಕೊಂದು ಬೆಳಗ್ಗೆ ಮೀಸಲಿಡಿ. ನಾನು ಒಂದು ಗೇಟಿನ ಹತ್ತಿರ ಏಳೂವರೆಯಿಂದ ಹತ್ತರ ತನಕ ನಿಂತೆ. ನಾಲ್ಕು ಸಲ ಮುಚ್ಚಿತು, ಒಂದು ಸಲವಂತೂ ಹದಿಮೂರು ನಿಮಿಷ. ಮಗಳ ಎಂಟರ ತರಗತಿ ಆ ಗೇಟಿನ ದಯೆಯ ಮೇಲೆ ನಿಲ್ಲುವುದು ಬೇಡವೆಂದು ಆ ಪುಟಕ್ಕೆ ಅಡ್ಡಗೆರೆ ಎಳೆದೆ.

ಬೈಪಾಸಿನ ಆಚೆಗಿನ ಜಾಗಗಳ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಗಬ್ಬೂರಿನಿಂದ ನರೇಂದ್ರದ ತನಕದ ಆ ರಸ್ತೆ ಬಹುಕಾಲ ಎರಡೇ ಪಥದ್ದಾಗಿತ್ತು. ಪುಣೆ–ಬೆಂಗಳೂರು ಹೆದ್ದಾರಿಯ ಭಾರವೆಲ್ಲ ಆ ಇಕ್ಕಟ್ಟಿನಲ್ಲಿ ಹಾಯುತ್ತಿತ್ತು. 2021ರ ಜನವರಿಯಲ್ಲಿ ಇಟಿಗಟ್ಟಿಯ ಹತ್ತಿರ ಆದ ಅಪಘಾತವನ್ನು ಈ ಭಾಗದ ಯಾರೂ ಮರೆತಿಲ್ಲ. ಆ ಮೇಲೆ ಅಗಲೀಕರಣ ಕೈಗೆತ್ತಿಕೊಂಡಿದ್ದಾರೆ. ರಸ್ತೆ ಎಷ್ಟೇ ಅಗಲವಾಗಲಿ, ಶಾಲೆಗೆ ಹೋಗುವ ಮಗು ದಿನಾ ಹೆದ್ದಾರಿಯನ್ನು ನೆಲದ ಮಟ್ಟದಲ್ಲಿ ದಾಟಬೇಕಾದ ಕಡೆ ಮನೆ ಮಾಡಬೇಡಿ. ಕೆಳಸೇತುವೆ ಇದೆಯೇ, ಸರ್ವಿಸ್ ರಸ್ತೆ ಇದೆಯೇ, ಇದ್ದರೆ ಅದು ಬಡಾವಣೆಯ ತನಕ ಬರುತ್ತದೆಯೇ ಎಂದು ನಿಮ್ಮ ಕಣ್ಣಿನಿಂದ ನೋಡಿ. ‘ಬರುತ್ತದೆ’ ಎಂದು ಹೇಳಿದ್ದನ್ನು ಬರೆದುಕೊಳ್ಳಬೇಡಿ. ನನ್ನ ನೋಟ್‌ಬುಕ್ಕಿನಲ್ಲಿ ‘ಇದೆ’ ಎಂಬ ಒಂದೇ ಸಾಲಿತ್ತು, ‘ಬರಲಿದೆ’ ಎಂಬುದಕ್ಕೆ ಜಾಗವೇ ಇರಲಿಲ್ಲ.

ಅಳತೆಯನ್ನು ಕಾಗದದ ಮೇಲೆ ನೋಡಬೇಡಿ

ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ. 30×40ರ ಪ್ಲಾಟು ಒಂದು ಗುಂಟೆಗಿಂತ ತುಸು ಹೆಚ್ಚು, 40×60 ಎರಡು ಗುಂಟೆಗಿಂತ ತುಸು ಹೆಚ್ಚು. ಆದರೆ ನೀವು ಬದುಕುವುದು ಇಡೀ ಪ್ಲಾಟಿನಲ್ಲಲ್ಲ. ಸುತ್ತ ಬಿಡಬೇಕಾದ ಜಾಗ ಬಿಟ್ಟ ಮೇಲೆ ಉಳಿಯುವುದೇ ಮನೆ. ಎಷ್ಟು ಬಿಡಬೇಕು ಎಂಬುದು ಪ್ಲಾಟಿನ ಅಳತೆ, ಎದುರಿನ ರಸ್ತೆಯ ಅಗಲ ನೋಡಿ ಬದಲಾಗುತ್ತದೆ, ಅದನ್ನು ನಿಮ್ಮ ಎಂಜಿನಿಯರ್ ಹತ್ತಿರ ಕೇಳಿ ತಿಳಿಯಿರಿ. ನಾನು ಹಾಕಿಕೊಂಡ ಅಂದಾಜು ಇಷ್ಟು: 30×40ರಲ್ಲಿ ಎರಡು ಪಕ್ಕ ಮೂರು ಮೂರು ಅಡಿ, ಮುಂದೆ ಐದು, ಹಿಂದೆ ಮೂರು ಬಿಟ್ಟರೆ 24×32, ಅಂದರೆ 768 ಚದರ ಅಡಿ. 30×50ರಲ್ಲಿ ಪಕ್ಕಕ್ಕೆ ಅಷ್ಟೇ, ಮುಂದೆ ಎಂಟು, ಹಿಂದೆ ನಾಲ್ಕು ಬಿಟ್ಟರೆ 24×38, 912 ಚದರ ಅಡಿ. 40×60ರಲ್ಲಿ ಪಕ್ಕಕ್ಕೆ ಐದೈದು, ಮುಂದೆ ಹತ್ತು, ಹಿಂದೆ ಐದು ಬಿಟ್ಟರೂ 30×45, 1,350 ಚದರ ಅಡಿ.

ಈ ಅಂಕಿಗಳಿಂದ ನಮ್ಮ ಮನೆಮಂದಿಗೆ ಏನೂ ಹೊಳೆಯಲಿಲ್ಲ. ಅಂಕಿಯಿಂದ ಕೋಣೆ ಕಾಣುವುದಿಲ್ಲ. ಒಂದು ಭಾನುವಾರ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಶಾಲೆಯ ಮೈದಾನಕ್ಕೆ ಎಲ್ಲರನ್ನೂ ಕರೆದೊಯ್ದೆ. ಖೋಖೋ ಅಂಕಣಕ್ಕೆ ಗೆರೆ ಹಾಕುವ ಸುಣ್ಣದ ಪುಡಿ ಇತ್ತು. ಮೂರೂ ಅಳತೆಯನ್ನು ನೆಲದ ಮೇಲೆ ನಿಜಗಾತ್ರದಲ್ಲೇ ಬಿಡಿಸಿದೆವು: ಅಡುಗೆಮನೆ, ದೇವರ ಮೂಲೆ, ಎರಡು ಮಲಗುವ ಕೋಣೆ, ಪಡಸಾಲೆ. ಅತ್ತೆಗೆ ಅಡುಗೆಮನೆಯ ಗೆರೆಯೊಳಗೆ ಕುರ್ಚಿ ಹಾಕಿ ಕೂರಿಸಿದೆವು. ಅವರು ಅಲ್ಲಿಂದಲೇ ಬಚ್ಚಲಿಗೆ ನಡೆದು ನೋಡಿದರು, ರಾತ್ರಿ ಎದ್ದರೆ ಹೇಗೆ ಎಂದು ಕಣ್ಣು ಮುಚ್ಚಿ ಕೂಡ ನಡೆದರು. ಮಗ ತನ್ನ ಕೋಣೆಯಲ್ಲಿ ಉದ್ದಕ್ಕೆ ಮಲಗಿದ. 768ರಲ್ಲಿ ಮೊಣಕೈಗಳು ತಾಗುತ್ತಿದ್ದವು. ಮುಂದೆ ಮೇಲಂತಸ್ತು ಏರಿಸಿದರೂ ಅತ್ತೆ ಹತ್ತಲಾರರು, ನೆಲಮಹಡಿಯೇ ಸಾಕಾಗಬೇಕು. 1,350ರಲ್ಲಿ ಖುಷಿಯಾಗಿ ಓಡಾಡಿದೆವು, ಆದರೆ ಕೊನೆಗೆ ಒಂದಿಡೀ ಕೋಣೆಗೆ ಕೆಲಸವೇ ಹೊಳೆಯಲಿಲ್ಲ. 912ರಲ್ಲಿ ಎಲ್ಲರಿಗೂ ಜಾಗ ಆಯಿತು, ಅಂಗಳದಲ್ಲಿ ಸ್ಕೂಟರ್, ಒಂದು ಕರಿಬೇವಿನ ಗಿಡ, ತುಳಸಿಕಟ್ಟೆಯೂ ಆದವು. ನಮಗೆ ಬೇಕಾದದ್ದು 30×50 ಎಂದು ಅಂದೇ ಗೊತ್ತಾಯಿತು. ಇದನ್ನು ಎಲ್ಲರೂ ಮಾಡಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ. ಮೈದಾನ ಇಲ್ಲದಿದ್ದರೆ ತಾರಸಿ ಸಾಕು, ಸುಣ್ಣ ಇಲ್ಲದಿದ್ದರೆ ರಂಗೋಲಿ ಸಾಕು.

ಅಣ್ಣ ತಮ್ಮ ಕೂಡಿ ಇರುವ ಮನೆಗೆ, ದನ ಕಟ್ಟುವವರಿಗೆ, ಮನೆಯಲ್ಲೇ ಹೊಲಿಗೆಯ ಘಟಕ ನಡೆಸುವವರಿಗೆ 40×60 ದೊಡ್ಡದೇನಲ್ಲ. ಅವರು ದೂರ ಹೋಗಿಯಾದರೂ ಅಗಲ ಹಿಡಿಯಬೇಕು. ಮೂಲೆಯ ಪ್ಲಾಟಿಗೆ ಹೆಚ್ಚು ಹಣ ಕೊಡುವ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಎರಡು ಕಡೆ ರಸ್ತೆ ಎಂದರೆ ಎರಡು ಕಡೆ ಧೂಳು, ಎರಡು ಕಡೆ ಗಾಡಿಯ ಸದ್ದು.

ಎರೆ ನೆಲವೋ, ಗರಸೋ

ಪ್ಲಾಟಿನ ಬೆಲೆಯಲ್ಲಿ ಕಾಣದ ಬೆಲೆ ಮಣ್ಣಿನೊಳಗೆ ಇರುತ್ತದೆ. ಧಾರವಾಡದ ಕಡೆ ಮಲೆನಾಡಿನ ಸೆರಗು, ಕೆಂಪು ನೆಲ ಹೆಚ್ಚು. ಹುಬ್ಬಳ್ಳಿಯಿಂದ ನವಲಗುಂದ, ಗದಗದ ದಿಕ್ಕಿಗೆ ಹೋದಂತೆ ಎರೆ ನೆಲ, ಅಂದರೆ ಕರಿ ಮಣ್ಣು. ಹೊಲಕ್ಕೆ ಅದು ಬಂಗಾರ. ಕಡಲೆ, ಹತ್ತಿ, ಜೋಳ ಅದರಲ್ಲೇ ಚೆನ್ನ. ಮನೆಯ ಅಡಿಪಾಯಕ್ಕೆ ಅದೇ ಮಣ್ಣು ಕಷ್ಟ ಕೊಡುತ್ತದೆ.

ನಾವು ನೋಡಿದ ಒಂದು ಪ್ಲಾಟಿಗೆ ಮೇ ತಿಂಗಳಲ್ಲಿ ಹೋಗಿದ್ದೆವು. ನೆಲ ಬಲೆಯಂತೆ ಬಿರಿದಿತ್ತು. ನನ್ನ ಕೈಚೀಲದಲ್ಲಿದ್ದ ಒಂದಡಿಯ ಸ್ಕೇಲನ್ನು ಮಗ ಬಿರುಕಿನೊಳಗೆ ಇಳಿಸಿದ. ಅದು ಪೂರ್ತಿ ಒಳಗೆ ಹೋಗಿ ತಳ ಸಿಗದೆ ಜಾರಿತು, ತೆಗೆಯಲು ಕಡ್ಡಿ ಹುಡುಕಬೇಕಾಯಿತು. ಅದೇ ಜಾಗಕ್ಕೆ ಜುಲೈಯಲ್ಲಿ ಮತ್ತೆ ಹೋದೆವು. ಬಿರುಕು ಒಂದೂ ಇರಲಿಲ್ಲ. ಹತ್ತು ಹೆಜ್ಜೆಗೆ ಚಪ್ಪಲಿ ಎರಡು ಬೆರಳು ದಪ್ಪವಾಯಿತು, ಹದಿನೈದನೆಯ ಹೆಜ್ಜೆಗೆ ನೆಲದಲ್ಲೇ ಉಳಿಯಿತು. ಈ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಮೇಲೆ ನಿಂತ ಗೋಡೆಯೂ ಅದರೊಂದಿಗೆ ಏರಿ ಇಳಿಯುತ್ತದೆ. ಆದ್ದರಿಂದ ಒಂದೇ ಪ್ಲಾಟನ್ನು ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ನೋಡಿ. ಒಂದೇ ಸಲ ನೋಡಲು ಸಾಧ್ಯವಾದರೆ ಮಳೆಗಾಲವನ್ನೇ ಆರಿಸಿ. ನೀರು ಎಲ್ಲಿ ನಿಲ್ಲುತ್ತದೆ, ಬಡಾವಣೆಯ ಒಳರಸ್ತೆಯಲ್ಲಿ ಟಂಟಂ ಆಟೊ ಬರುತ್ತದೆಯೇ ಇಲ್ಲವೇ ಎಂಬುದೂ ಆಗಲೇ ಗೊತ್ತಾಗುವುದು. ಹಳ್ಳ, ನಾಲಾಗಳ ಹತ್ತಿರದ ಪ್ಲಾಟನ್ನಂತೂ ಮಳೆ ಸುರಿಯುವ ದಿನವೇ ನೋಡಿ.

ಅಕ್ಕಪಕ್ಕದಲ್ಲಿ ಆಗಲೇ ಕಟ್ಟಿದ ಮನೆಗಳಿದ್ದರೆ ಅವುಗಳ ಆವರಣ ಗೋಡೆಯನ್ನು ನೋಡಿ. ಮನೆಗೆ ಆಳದ ಅಡಿಪಾಯ ಹಾಕಿರುತ್ತಾರೆ, ಆವರಣ ಗೋಡೆಗೆ ಹಾಕಿರುವುದಿಲ್ಲ; ನೆಲ ಅಲುಗಿದರೆ ಅದು ಮೊದಲು ವಾಲುತ್ತದೆ, ಸೀಳುತ್ತದೆ. ಮನೆಯೊಳಗೆ ಕರೆದರೆ ಕಿಟಕಿಯ ಮೂಲೆಗಳಿಂದ ಓರೆಯಾಗಿ ಹೊರಟ ಬಿರುಕು ಇದೆಯೇ ಗಮನಿಸಿ. ಎಲ್ಲಾದರೂ ಅಡಿಪಾಯ ತೋಡುತ್ತಿದ್ದರೆ ಅಲ್ಲಿ ನಿಲ್ಲಿ. ಗರಸು, ಅಂದರೆ ಕೆಳಗಿನ ಕಲ್ಲುಮಿಶ್ರಿತ ಗಟ್ಟಿ ನೆಲ, ಎಷ್ಟು ಅಡಿಗೆ ಸಿಕ್ಕಿತು ಎಂದು ಗೌಂಡಿಯನ್ನು ಕೇಳಿ. ಒಂದು ಬಡಾವಣೆಯಲ್ಲಿ ಮೂರು ಅಡಿಗೇ ಗರಸು ಬಂದಿತ್ತು. ಇನ್ನೊಂದರಲ್ಲಿ ಒಂಬತ್ತು ಅಡಿ ತೋಡಿದ್ದರೂ ಕರಿ ಮಣ್ಣೇ ಬರುತ್ತಿತ್ತು. ಅಲ್ಲಿನ ಗೌಂಡಿ ನನಗೆ ಹೇಳಿದ್ದನ್ನು ಹಾಗೆಯೇ ಬರೆದುಕೊಂಡಿದ್ದೇನೆ: “ಅಕ್ಕಾವರೇ, ಇಲ್ಲಿ ಮೇಲೆ ಕಟ್ಟುವಷ್ಟೇ ಹಣವನ್ನು ಕೆಳಗೂ ಹೂಳುತ್ತೇವೆ ಎಂದು ತಿಳಿದುಕೊಂಡು ಬರಬೇಕು.” ಎರೆ ನೆಲದಲ್ಲಿ ಮನೆ ನಿಲ್ಲುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಕಂಬ, ಪೈಲ್, ಪ್ಲಿಂತ್ ಬೀಮ್, ಗರಸಿನ ಭರ್ತಿ, ಇವೆಲ್ಲ ಇದಕ್ಕೆಂದೇ ಇರುವ ಉಪಾಯಗಳು. ಆದರೆ ಮಣ್ಣು ಪರೀಕ್ಷೆ ಮಾಡಿಸಿ, ಅಡಿಪಾಯದ ಖರ್ಚನ್ನು ಎಂಜಿನಿಯರ್ ಕೈಯಲ್ಲಿ ಬರೆಸಿ, ಅದನ್ನು ಪ್ಲಾಟಿನ ಬೆಲೆಗೆ ಕೂಡಿಸಿದ ಮೇಲೆಯೇ ಅಗ್ಗವೋ ತುಟ್ಟಿಯೋ ನಿರ್ಧರಿಸಿ. ಹಾಗೆ ಕೂಡಿಸಿದಾಗ ಕುಸುಗಲ್ ರಸ್ತೆಯ ಆ 40×60ರ ಅಗ್ಗತನದಲ್ಲಿ ದೊಡ್ಡ ಪಾಲು ಕರಗಿತು.

ನೀರಿಗೆ ಎಂಟು ದಿನದ ಲೆಕ್ಕ

ಅವಳಿ ನಗರಕ್ಕೆ ಸವದತ್ತಿಯ ರೇಣುಕಾಸಾಗರದಿಂದ ಮಲಪ್ರಭೆಯ ನೀರು ಬರುತ್ತದೆ, ಹುಬ್ಬಳ್ಳಿಗೆ ನೀರಸಾಗರದ ನೀರೂ ಇದೆ. ಕೆಲವು ವಾರ್ಡುಗಳಲ್ಲಿ ದಿನದ 24 ತಾಸೂ ನಳದಲ್ಲಿ ನೀರು, ಉಳಿದೆಡೆ ಕೆಲವು ದಿನಕ್ಕೊಮ್ಮೆ. ಒಂದೇ ಮುಖ್ಯ ರಸ್ತೆಯ ಈಚೆಗೊಂದು, ಆಚೆಗೊಂದು ರೀತಿ ಇರಬಹುದು. ಆದ್ದರಿಂದ ‘ಪಾಲಿಕೆಯ ನೀರು ಇದೆ’ ಎಂಬ ಉತ್ತರಕ್ಕೆ ತೃಪ್ತರಾಗದೆ, ಹಿಂದಿನ ಸಲ ಯಾವ ದಿನ ಬಂತು, ಅದರ ಹಿಂದಿನ ಸಲ ಯಾವಾಗ ಎಂದು ಅಲ್ಲಿರುವ ಹೆಣ್ಣುಮಕ್ಕಳನ್ನು ಕೇಳಿ. ನೀರು ಹಿಡಿದವರಿಗೆ ವಾರವೂ ನೆನಪಿರುತ್ತದೆ, ಗಂಟೆಯೂ ನೆನಪಿರುತ್ತದೆ. ಪಾಲಿಕೆಗೆ ಇನ್ನೂ ಹಸ್ತಾಂತರವಾಗದ ಬಡಾವಣೆಯಾದರೆ ಕೊಳವೆಬಾವಿ, ಟ್ಯಾಂಕರ್ ಇವನ್ನೇ ನಂಬಿ ಲೆಕ್ಕ ಹಾಕಬೇಕು.

ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಗರಗಳಿಗೆ ಇಟ್ಟುಕೊಂಡಿರುವ ಮಾನದಂಡ. ಐದು ಜನಕ್ಕೆ 675 ಲೀಟರ್. ಎಂಟು ದಿನ ನೀರು ಬಾರದಿದ್ದರೆ 5,400 ಲೀಟರ್. ಆರಡಿ ಉದ್ದ, ಆರಡಿ ಅಗಲ, ಆರಡಿ ಆಳದ ಸಂಪಿನಲ್ಲಿ ಸುಮಾರು 6,100 ಲೀಟರ್ ಹಿಡಿಯುತ್ತದೆ. ಅಂದರೆ ಅಂಗಳದ ಆರಡಿ ಚೌಕ ಸಂಪಿಗೆ ಹೋಯಿತು. 30×40ರಲ್ಲಿ ಮುಂದೆ ಐದೇ ಅಡಿ ಬಿಟ್ಟವರು ಸಂಪನ್ನು ಎಲ್ಲಿಡುತ್ತಾರೆ ಎಂದು ಮೊದಲೇ ಯೋಚಿಸಬೇಕು. ಸಾವಿರ ಚದರ ಅಡಿಯ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 930 ಲೀಟರ್ ನೀರಾಗುತ್ತದೆ. ಆ ನೀರನ್ನು ಸೋಸಿ ಸಂಪಿಗೆ ಬಿಡುವ ಕೊಳವೆಯನ್ನು ಕಟ್ಟುವಾಗಲೇ ಇಟ್ಟುಕೊಂಡೆವು.

ನಡೆದು ಹೋಗಿ ತರುವ ವಸ್ತುಗಳು

ಅತ್ತೆಯ ಗಿರಣಿಯ ಪ್ರಶ್ನೆ ನನಗೆ ಒಂದು ಪಟ್ಟಿ ಕೊಟ್ಟಿತು. ಗಿರಣಿ, ಹಾಲು, ಕಿರಾಣಿ ಅಂಗಡಿ, ಔಷಧ ಅಂಗಡಿ, ಗುಡಿ, ಕಾಯಿಪಲ್ಲೆಯ ಗಾಡಿ, ಈ ಆರೂ ಹಿರಿಯರು ಒಬ್ಬರೇ ನಡೆದು ಹೋಗಿ ಬರುವ ದೂರದಲ್ಲಿವೆಯೇ ಎಂದು ಪ್ರತಿ ಪುಟದಲ್ಲೂ ಬರೆದೆ. ಹಳೆಯ ಪೇಟೆಯಾದ ದುರ್ಗದ ಬೈಲಿನ ಪಕ್ಕದಲ್ಲಿ ಬೆಳೆದವರಿಗೆ ಇವೆಲ್ಲ ಇರುವುದೇ ಸಹಜ ಎನಿಸುತ್ತದೆ. ಹೊಸ ಬಡಾವಣೆಯಲ್ಲಿ ಒಂದು ಕಟ್ಟು ಕೊತ್ತಂಬರಿಗೂ ಗಾಡಿಯ ಕೀಲಿ ಹುಡುಕಬೇಕು. ಗಾಡಿ ಓಡಿಸಬಲ್ಲವರಿಗೆ ಅದು ಬೇಸರದ ಸಂಗತಿ ಅಷ್ಟೇ. ಓಡಿಸಲಾರದವರಿಗೆ ಅದು ಸ್ವಾತಂತ್ರ್ಯದ ಪ್ರಶ್ನೆ. ಎಪ್ಪತ್ನಾಲ್ಕರ ಅತ್ತೆ ಹಳೆಯ ಓಣಿಯಲ್ಲಿ ಯಾರನ್ನೂ ಕೇಳದೆ ಹೊರಗೆ ಹೋಗಿ ಬರುತ್ತಿದ್ದರು. ಹೊಸ ಮನೆಯಲ್ಲಿ ಎಲ್ಲದಕ್ಕೂ ಮೊಮ್ಮಗನ ದಾರಿ ಕಾಯುವಂತಾದರೆ ಎಷ್ಟು ದೊಡ್ಡ ಅಂಗಳ ಇದ್ದು ಏನು ಬಂತು? ಈ ಒಂದು ವಿಷಯದಲ್ಲಿ ನಾನು ಯಾವ ರಾಜಿಗೂ ಸಿದ್ಧಳಿರಲಿಲ್ಲ. ಆರರಲ್ಲಿ ನಾಲ್ಕಕ್ಕಿಂತ ಕಡಿಮೆ ಸಿಕ್ಕ ಪ್ಲಾಟುಗಳನ್ನು ಅಳತೆ ನೋಡದೆ ಬಿಟ್ಟೆವು.

ಕಾಗದಪತ್ರ

ಇದನ್ನು ವಕೀಲರ ಕೈಯಲ್ಲೇ ನೋಡಿಸಬೇಕು, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸಿದ ಎನ್‌ಎ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಅನುಮೋದಿಸಿದ ಬಡಾವಣೆಯ ನಕ್ಷೆ, ಹೊಸ ಬಡಾವಣೆಯಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ, ಋಣಭಾರ ಪ್ರಮಾಣಪತ್ರ, ಪಂಚಾಯಿತಿ ಸೀಮೆಯಾದರೆ ಇ-ಸ್ವತ್ತು ದಾಖಲೆ, ಪಾಲಿಕೆಯಾದರೆ ಇ-ಆಸ್ತಿ ದಾಖಲೆ. ಗುಂಟಾ ಪ್ಲಾಟು ಎಂದು ಹೊಲದ ತುಂಡುಗಳನ್ನು ಬಾಂಡ್ ಕಾಗದದ ಮೇಲೆ ಬರೆದುಕೊಡುವವರಿದ್ದಾರೆ. ಅಗ್ಗ ಎಂದು ಅತ್ತ ತಿರುಗಲೂಬೇಡಿ. ಬ್ಯಾಂಕಿನ ಸಾಲ, ನಳದ ಜೋಡಣೆ, ಕಟ್ಟಡದ ಪರವಾನಗಿ, ಪ್ರತಿಯೊಂದೂ ಅಲ್ಲಿ ತೊಡಕಾಗುತ್ತದೆ. ಜೊತೆಗೆ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ನಿಮ್ಮ ಪ್ಲಾಟಿನ ಮೇಲೆ ಅಥವಾ ಅಂಚಿನಲ್ಲಿ ರಸ್ತೆಯ ಗೆರೆ ಹಾದಿದೆಯೇ ನೋಡಿಸಿ. ಇಂದು ಮೂವತ್ತು ಅಡಿ ಇರುವ ರಸ್ತೆ ಅಗಲವಾಗುವುದಿದ್ದರೆ ನಿಮ್ಮ 50 ಅಡಿ ಉದ್ದ 50 ಆಗಿ ಉಳಿಯುವುದಿಲ್ಲ.

ಮುಂಗಡ ಕೊಡುವ ಮೊದಲು ರಾತ್ರಿ ಒಮ್ಮೆ

ಎಲ್ಲ ಸರಿ ಕಂಡು, ಕಾಗದವೂ ಸರಿ ಇದೆ ಎಂದು ವಕೀಲರು ಹೇಳಿದ ಮೇಲೆ ಒಂದು ರಾತ್ರಿ ಒಂಬತ್ತಕ್ಕೆ ಹೋಗಿ. ನಾನು, ಮಗಳು, ಮನೆಯವರು ಕಾರ್ತಿಕದ ಒಂದು ರಾತ್ರಿ ಚಿಗರಿಯಿಂದ ಭೈರಿದೇವರಕೊಪ್ಪದಲ್ಲಿ ಇಳಿದು ಪ್ಲಾಟಿನ ತನಕ ನಡೆದೆವು. ಮಗಳು ಮುಂದೆ, ನಾವು ಐವತ್ತು ಹೆಜ್ಜೆ ಹಿಂದೆ. ಒಬ್ಬಳೇ ನಡೆದರೆ ಹೇಗೆ ಎನಿಸುತ್ತದೆ ಎಂಬುದು ಅವಳಿಗೇ ತಿಳಿಯಬೇಕಿತ್ತು. ದಾರಿಯಲ್ಲಿ ಹನ್ನೊಂದು ದೀಪದ ಕಂಬ, ಅದರಲ್ಲಿ ಎರಡು ಉರಿಯುತ್ತಿರಲಿಲ್ಲ. ಒಂದು ತಿರುವಿನಲ್ಲಿ ನಾಯಿಗಳಿದ್ದವು. ಕಿರಾಣಿ ಅಂಗಡಿ ತೆರೆದಿತ್ತು. ನಮ್ಮ ಪ್ಲಾಟಿನ ಸಾಲಿನಲ್ಲಿ ಐದು ಮನೆಗಳಿಗೆ ದೀಪ ಹತ್ತಿತ್ತು, ಒಂದರ ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು. “ಯಾರ ಮನೆಗೆ ಬಂದೀರಿ?” ಎಂದು ಕೇಳಿದರು. ಪ್ಲಾಟು ನೋಡಲು ಎಂದಾಗ ಒಳಗೆ ಕರೆದು ನೀರು ಕೊಟ್ಟರು. ಗಿರಣಿ ಎಲ್ಲಿದೆ ಎಂದು ನಾನು ಕೇಳಿದೆ. ಎರಡನೆಯ ಅಡ್ಡರಸ್ತೆಯಲ್ಲಿ, ಬುಧವಾರ ರಜೆ ಎಂದರು.

ಮರುದಿನ ಮುಂಗಡ ಕೊಟ್ಟೆವು.